ಒಂದೂವರೆ ತಾಸಿನ ಕ್ಯಾಸೆಟ್ಟು

ಹುಮನಾಬಾದಿನ ಧಾನ್ಯದ ಮಾರುಕಟ್ಟೆಯಲ್ಲಿ ನಾನು ಹಳೆಯ ಗೋಣಿಚೀಲಗಳ ವ್ಯಾಪಾರ ಮಾಡುತ್ತಿದ್ದೆ. ಊರೂರು ತಿರುಗಿ ಖಾಲಿ ಚೀಲ ಕೊಳ್ಳುವುದು, ತಂದು ಧೂಳು ಝಾಡಿಸಿ, ಹರಿದದ್ದಕ್ಕೆ ಹೊಲಿಗೆ ಹಾಕಿಸಿ, ರೈತರ ಧಾನ್ಯ ಮಾರಿಕೊಡುವ ಅಡತಿ ಅಂಗಡಿಗಳಿಗೆ ಮಾರುವುದು. ಚೀಲವನ್ನು ಬಿಸಿಲಿಗೆ ಹಿಡಿದು ಒಳಗಿನಿಂದ ಎಷ್ಟು ಬೆಳಕು ಸೋರುತ್ತದೆ ಎಂದು ನೋಡಿದರೆ ಸಾಕು, ಅದು ಇನ್ನೆಷ್ಟು ಸಲ ತೊಗರಿ ಹೊರುತ್ತದೆ ಎಂದು ಹೇಳಿಬಿಡುತ್ತಿದ್ದೆ. ಇದನ್ನು ನನಗೆ ಯಾರೂ ಕಲಿಸಲಿಲ್ಲ. ಅಪ್ಪ ಬಿಟ್ಟುಹೋದ ಅಂಗಡಿಯೂ ಇರಲಿಲ್ಲ. ಇದ್ದದ್ದು ಬಾಯಿ ಒಂದೇ. ಹೇಳಿದ ಬೆಲೆಗೆ ನಾನು ಯಾವುದನ್ನೂ ಕೊಂಡವನಲ್ಲ. ಮಾರುವವನು ಮೊದಲು ಹೇಳುವ ಬೆಲೆ ಬರೀ ಮಾತಿಗೆ ಕರೆಯುವ ರೀತಿ, ಅದಕ್ಕೆ ಹೆದರಬೇಡಿ ಎಂದು ಇವತ್ತಿಗೂ ಹೊಸಬರಿಗೆ ಹೇಳುತ್ತೇನೆ.

ನನ್ನ ಹೆಂಡತಿಗೆ ಚೌಕಾಸಿ ಬರುತ್ತಿರಲಿಲ್ಲ. ಆಕೆಗೆ ಬರುತ್ತಿದ್ದದ್ದು ಹಾಡು. ನಮ್ಮ ಓಣಿಯ ಹೆಂಗಸರು ಸೋಮವಾರ ಸಂಜೆ ಗುಡಿಯ ಪಡಸಾಲೆಯಲ್ಲಿ ಭಜನೆಗೆ ಕೂಡುತ್ತಿದ್ದರು. ಅದರಲ್ಲಿ ಆಕೆಯದು ಮುಮ್ಮೇಳ. ಆಕೆ ಒಂದು ಸಾಲು ಎತ್ತಿಕೊಟ್ಟರೆ ಉಳಿದವರು ಹಿಂದಿನಿಂದ ಅದನ್ನು ಹಿಡಿಯಬೇಕು. ದಿನವೆಲ್ಲ ಮನೆಯಲ್ಲಿ ನಾಲ್ಕು ಮಾತು ಆಡದವಳು ಅಲ್ಲಿ ಕೂತು ಬಾಯಿ ತೆರೆದರೆ ಹೊರಗೆ ಚಪ್ಪಲಿ ಬಿಡುತ್ತಿದ್ದವರು ಒಂದು ಚಪ್ಪಲಿ ಕಾಲಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದರು. ನಾನು ದೂರದ ಕಟ್ಟೆಯ ಮೇಲೆ ಕೂತು ಕೇಳುತ್ತಿದ್ದೆ. ಯಾರಾದರೂ ಕೇಳಿದರೆ ಗಾಳಿಗೆ ಕೂತಿದ್ದೇನೆ ಎನ್ನುತ್ತಿದ್ದೆ.

ಆಕೆಗೆ ಒಬ್ಬ ಗಾಯಕಿಯೆಂದರೆ ಪಂಚಪ್ರಾಣ. ಬಸವಕಲ್ಯಾಣದ ಆಚೆ, ಮಂಠಾಳ ದಾಟಿ ಕೊಹಿನೂರಿನ ಕಡೆ ಹೋಗುವ ದಾರಿಯ ಒಂದು ಸಣ್ಣ ಊರಿನ ಹೆಂಗಸು. ತತ್ವಪದ ಹಾಡುತ್ತಿದ್ದಳು. ಯಾರೋ ಅಭಿಮಾನಿಗಳು ಆಕೆಯ ಎರಡು ಕ್ಯಾಸೆಟ್ಟು ಮಾಡಿಸಿದ್ದರು. ಅವು ಅಂಗಡಿಯಲ್ಲಿ ಸಿಗುತ್ತಿರಲಿಲ್ಲ. ನಮ್ಮ ಕೈಗೆ ಬಂದದ್ದು ಬಸ್ಸಿನ ಡ್ರೈವರ್ ಒಬ್ಬರಿಂದ, ತೊಂಬತ್ತೈದರ ಆಸುಪಾಸು. ಸಂಜೆಯೊಳಗೆ ತಿರುಗಿ ಕೊಡಬೇಕು ಎಂದು ಕರಾರು ಮಾಡಿ ಕೊಟ್ಟಿದ್ದರು.

ನಾನು ಎರಡನ್ನೂ ತೆಗೆದುಕೊಂಡು ಕ್ಯಾಸೆಟ್ ಅಂಗಡಿಗೆ ಹೋದೆ. ಅಂಗಡಿಯವನು ಹಾಡುಗಳನ್ನೆಲ್ಲ ಲೆಕ್ಕ ಹಾಕಿ ತಲೆ ಅಲ್ಲಾಡಿಸಿದ.

"ಸಾವಕಾರ್ರ, ಹಿಡಿಯಂಗಿಲ್ರಿ. ಹಾಡು ಒಂದು ತಾಸು ನಲ್ವತ್ ನಿಮಿಷ ಆಗ್ತಾವ. ಖಾಲಿ ಕ್ಯಾಸೆಟ್ ಒಂದೂವರಿ ತಾಸಿಂದು. ಎರಡು ಹಾಡು ಬಿಡ್ರಿ, ಇಲ್ಲಾ ಇನ್ನೊಂದು ಕ್ಯಾಸೆಟ್ ತಗೋರಿ."

"ಇನ್ನೊಂದ್ಯಾಕೋ? ನಾವು ಚೀಲದಾಗ ಜೋಳ ತುಂಬಿ, ನೆಲಕ್ಕ ಕುಕ್ಕಿ ಕುಕ್ಕಿ ಕೂಡಿಸ್ತೇವಿ. ಆಗ ಇನ್ನೆರಡು ಸೇರು ಹಿಡೀತದ. ನಿನ್ನ ಕ್ಯಾಸೆಟ್ಟಿಗೂ ಏನರೆ ಹಂಗ ಮಾಡು."

"ಹಾಡು ಜೋಳ ಅಲ್ರಿ."

"ನಿನ್ನ ಕಡೆ ಆಗಲ್ಲಂದ್ರ ಬಾಜೂ ಅಂಗಡಿಗೆ ಹೋಗ್ತೇನಿ."

ಗಿರಾಕಿ ಬಾಗಿಲ ಕಡೆ ತಿರುಗಿದಾಗ ಅಂಗಡಿಯವನಿಗೆ ಬುದ್ಧಿ ಓಡುತ್ತದೆ. ಅವನಿಗೂ ಓಡಿತು. ಸಣ್ಣ ಸ್ಕ್ರೂಡ್ರೈವರ್ ತೆಗೆದು, ಹಾಡು ನುಡಿಸುವ ಮಷೀನಿನ ಹಿಂದೆ ಕೈ ಹಾಕಿ ಏನೋ ತಿರುವಿದ. "ಜರಾ ಜಲ್ದಿ ಓಡಸ್ತೇನ್ರಿ. ಕೇಳೋರಿಗೆ ತಿಳಿಯಂಗಿಲ್ಲ," ಎಂದ. ಹದಿನಾರು ಹಾಡೂ ಒಂದೇ ಕ್ಯಾಸೆಟ್ಟಿನಲ್ಲಿ ಕೂತವು. ಮನೆಗೆ ಬಂದು ಹೆಂಡತಿಯ ಮುಂದೆ ಎದೆ ಉಬ್ಬಿಸಿ ಅದನ್ನು ಇಟ್ಟೆ. ಒಂದೂ ಹಾಡು ಬಿಟ್ಟಿಲ್ಲ ಎಂದೆ. ಸ್ಕ್ರೂಡ್ರೈವರಿನ ಮಾತು ಹೇಳಲಿಲ್ಲ. ಅದು ಹೇಳುವಂಥ ವಿಷಯ ಎಂದೇ ನನಗೆ ಅನಿಸಿರಲಿಲ್ಲ.

ಆ ಕ್ಯಾಸೆಟ್ಟಿನಿಂದಲೇ ಭಜನೆಯವರೆಲ್ಲ ಹಾಡು ಕಲಿತರು. ಅದರಿಂದ ಇನ್ನೊಂದು, ಇನ್ನೊಂದರಿಂದ ಮತ್ತೊಂದು ಎಂದು ಓಣಿ ತುಂಬ ನಕಲು ಆದವು. ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಶಾಲೆಯಲ್ಲಿ ಕಲಿಸಿ ನಿವೃತ್ತಿಯಾದ ಒಬ್ಬ ಹಿರಿಯಕ್ಕ. ಕನ್ನಡಕದ ಮೇಲಿಂದ ನೋಡಿದರೆ ಗಂಡಸರೂ ಬೀಡಿ ಆರಿಸುತ್ತಿದ್ದರು. ಆಕೆ ಕ್ಯಾಸೆಟ್ಟನ್ನು ಕೇಳಿ, ಪೆಟ್ಟಿಗೆಯ ಮನೆಗಳ ಮೇಲೆ ಬೆರಳಾಡಿಸಿ, "ಕರಿ ಐದು," ಎಂದು ಗೊತ್ತು ಮಾಡಿದರು. ಐದನೆಯ ಕಪ್ಪು ಮನೆ. ನಮ್ಮ ಕಡೆ ಹೆಂಗಸರಿಗೆ ಅದು ಎತ್ತರವೇ. ಒಂದಿಬ್ಬರು ಜರಾ ಇಳಿಸಿ ಹಾಡೋಣ ಎಂದಾಗ ಹಿರಿಯಕ್ಕ ಒಪ್ಪಲಿಲ್ಲ.

"ಪದ ಹುಟ್ಟಿದ್ದ ಸ್ವರದಾಗ ಹಾಡಬೇಕು. ನಮ್ಮ ಅನುಕೂಲಕ್ಕ ಇಳಿಸೋದಾದ್ರ ಮನ್ಯಾಗ ಜೋಗುಳ ಹಾಡ್ಕೊಂಡು ಕುಂದರ್ರಿ."

ಮೊದಲ ಎರಡು ಮೂರು ವರ್ಷ ನನ್ನ ಹೆಂಡತಿ ಹೇಗೋ ಎಳೆದಳು. ಆಮೇಲೆ ಮೇಲಿನ ಸಾಲಿಗೆ ಹೋದಾಗ ದನಿ ಒಡೆಯತೊಡಗಿತು. ಒಂದು ಸೋಮವಾರ ನಡುವೆಯೇ ನಿಂತುಬಿಟ್ಟಿತು. ಶುಂಠಿ, ಮೆಣಸು, ಜೇಷ್ಠಮಧು, ಬಿಸಿನೀರು ಎಲ್ಲ ಆಯಿತು. ಬೀದರಿಗೆ ಒಯ್ದು ಡಾಕ್ಟರಿಗೆ ತೋರಿಸಿದೆ. ಕನ್ನಡಿ ಹಾಕಿ ನೋಡಿ, ಗಂಟಲಿಗೆ ಏನೂ ಆಗಿಲ್ಲ, ವಯಸ್ಸು ಅಂದರು. ಆಗ ಆಕೆಗೆ ನಲವತ್ತೆರಡು. ವಯಸ್ಸಿನ ಮಾತನ್ನು ಆಕೆ ಮನಸ್ಸಿಗೆ ಹಚ್ಚಿಕೊಂಡಳು. ರೊಟ್ಟಿ ಬಡಿಯುವಾಗ ಗುನುಗುವುದೂ ನಿಂತಿತು. ಮನೆಯಲ್ಲಿ ರೊಟ್ಟಿಯ ಸದ್ದು ಮಾತ್ರ ಕೇಳುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಮೇಲೆ, ಒಂದು ಆಷಾಢದಲ್ಲಿ ಆಕೆ ನನಗೆ ಹೇಳಿದಳು, "ಶ್ರಾವಣದ ಮೊದಲ ಸೋಮವಾರ ಮುಮ್ಮೇಳ ಬಿಡ್ತೇನ್ರಿ. ಹಿರಿಯಕ್ಕಗ ಹೇಳೇನಿ. ಹಿಂದ ಕೂತು ತಾಳ ಹಾಕ್ತೇನಿ."

"ತಾಳ ಹಾಕೋದೂ ಬೇಕಲ್ಲ," ಎಂದೆ. ತಪ್ಪು ಮಾತು. ಆಕೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ, "ಬಿಡೂಕಿಂತ ಮೊದಲ ಒಂದ್ಸಲ ಆಕಿನ್ನ ನೋಡಬೇಕು," ಎಂದಳು.

ಯಾರನ್ನು ಎಂದು ಕೇಳುವ ಅಗತ್ಯವಿರಲಿಲ್ಲ. ನನಗೂ ಒಂದು ಆಲೋಚನೆ ಇತ್ತು. ನನಗಿಂತ ದೊಡ್ಡ ವಯಸ್ಸಿನ ಆ ಹೆಂಗಸು ಅಷ್ಟು ಎತ್ತರ ಹಾಡುತ್ತಾಳೆಂದರೆ ಯಾವುದೋ ಬೇರೋ ಸೊಪ್ಪೋ ಅಗಿಯುತ್ತಿರಬೇಕು. ಅದು ಯಾವುದೆಂದು ಕೇಳಿ ಕೊಂಡು ತಂದರೆ ಕೆಲಸ ಮುಗಿಯಿತು. ಪ್ರತಿಯೊಂದು ತೊಂದರೆಗೂ ಎಲ್ಲೋ ಒಂದು ಕಡೆ ಮಾಲು ಇರುತ್ತದೆ ಎಂದು ನಂಬಿದ್ದವನು ನಾನು.

ನನ್ನ ಹತ್ತಿರ ಚೀಲ ಸಾಗಿಸಲು ಒಂದು ಹಳೆಯ ಟೆಂಪೊ ಇತ್ತು. ಅದರಲ್ಲಿ ಒಳ್ಳೆಯ ಟೇಪ್ ಇತ್ತು, ಎಂಜಿನ್ ಅಷ್ಟು ಒಳ್ಳೆಯದಿರಲಿಲ್ಲ. ಹಳೆಯ ಗಾಡಿ ಕೊಳ್ಳುವವರು ಒಂದು ಮಾತು ನೆನಪಿಡಿ: ಮಾರುವವನು ಟೇಪ್ ಹಚ್ಚಿ ಗಾಡಿ ಓಡಿಸಿ ತೋರಿಸಿದರೆ, ಮೊದಲು ಟೇಪ್ ಬಂದ್ ಮಾಡಿಸಿ ಎಂಜಿನ್ ಕೇಳಿ. ನಾನು ಕೇಳಿರಲಿಲ್ಲ. ಮಂಠಾಳದ ಕಡೆ ಚೀಲದ ಕೆಲಸವೂ ಇದ್ದ ದಿನ ನೋಡಿ ಹೊರಡೋಣ ಎಂದೆ. ಖಾಲಿ ಗಾಡಿ ಓಡಿಸುವುದು ನನಗೆ ಆಗುವುದಿಲ್ಲ. ಆಕೆ ಅದಕ್ಕೂ ಹೂಂ ಎಂದಳು.

ಬೆಳಿಗ್ಗೆ ಏಳಕ್ಕೆ ಹೊರಟೆವು. ಆಕೆಯ ತೊಡೆಯ ಮೇಲೆ ಶೇಂಗಾ ಹೋಳಿಗೆಯ ಡಬ್ಬಿ, ಅದರ ಮೇಲೆ ಮಡಿಸಿದ ಒಂದು ರವಿಕೆಯ ಖಣ. ಗಾಯಕಿಗೆಂದು ನಾಲ್ಕು ಅಂಗಡಿ ಹತ್ತಿ ಇಳಿದು ಆರಿಸಿದ್ದಳು. ಹೆದ್ದಾರಿಯ ಲಾರಿಗಳ ನಡುವೆ ಟೆಂಪೊ ಉಸಿರು ಹಿಡಿದು ಓಡಿತು. ಬಂಗ್ಲಾ ಎನ್ನುವ ಕ್ರಾಸಿನ ಹತ್ತಿರ ಹೆದ್ದಾರಿ ಬಿಟ್ಟು ಬಸವಕಲ್ಯಾಣದ ಕಡೆ ತಿರುಗಿದ ಮೇಲೆ ರಸ್ತೆ ಸಣ್ಣದಾಯಿತು, ಆಕೆಯ ಮುಖ ಸಡಿಲವಾಯಿತು. ಎರಡೂ ಕಡೆ ಹೆಸರು, ಉದ್ದು ಎರಡೆಲೆ ಬಿಟ್ಟಿದ್ದವು. ಗಾಯಕಿಯ ಮುಂದೆ ಏನು ಮಾತಾಡಬೇಕು ಎಂದು ಬಾಯೊಳಗೇ ಹೇಳಿಕೊಳ್ಳುತ್ತಿದ್ದಳು.

"ಮೊದಲ ಕಾಲಿಗಿ ಬೀಳ್ಲೋ, ಮೊದಲ ಹೋಳಿಗಿ ಕೊಡ್ಲೋ?"

"ಹೋಳಿಗಿ ಕೈಯಾಗ ಹಿಡ್ಕೊಂಡು ಕಾಲಿಗಿ ಬೀಳಬ್ಯಾಡ. ಡಬ್ಬಿ ಉಳ್ಳ್ಯಾಡ್ತದ."

ಬಹಳ ದಿನಗಳ ಮೇಲೆ ನಕ್ಕಳು. ಬಸವಕಲ್ಯಾಣದಲ್ಲಿ ಗುಡಿಯ ಮುಂದೆ ಇಳಿದು ಕೈಮುಗಿದು ಬಂದಳು. ಮಂಠಾಳದಲ್ಲಿ ನನ್ನ ಚೀಲದ ವ್ಯವಹಾರ ಒಂದು ತಾಸು ನಡೆಯಿತು. ಟೆಂಪೊ ಅರ್ಧ ತುಂಬಿತು. ಅಲ್ಲಿಯ ಚಹಾದ ಅಂಗಡಿಯವನ ಹತ್ತಿರ ಗಾಯಕಿಯ ಊರಿನ ದಾರಿ ವಿಚಾರಿಸಿದೆವು.

"ಆಕಿನಾ? ಕುರಿ ಮನಿ ಅವ್ವ," ಎಂದ. "ಮರಿ ಕೊಳ್ಳಾಕ ಹೊಂಟೀರೇನ್ರಿ? ಭಾಳ ಬಿಗಿ ಮನುಷ್ಯಳು, ರೇಟ್ ಬಿಡಂಗಿಲ್ಲ."

"ಹಾಡು ಕೇಳಾಕ ಹೊಂಟೇವಿ," ಎಂದಳು ನನ್ನ ಹೆಂಡತಿ.

"ಹಾಡ್ತಾಳ್ರಿ. ಕುರಿ ಮುಂದ ಹಾಡ್ತಾಳ. ಕುರಿ ಏನೂ ಅನ್ನಂಗಿಲ್ಲ ನೋಡ್ರಿ, ಅದಕ್ಕ ಹಾಡ್ತಾಳ."

ತನ್ನ ದೇವರನ್ನು ಯಾರೋ ಅಡ್ಡಹೆಸರು ಹಿಡಿದು ಕರೆದ ಹಾಗೆ ನನ್ನ ಹೆಂಡತಿ ಅವನನ್ನು ದುರುಗುಟ್ಟಿ ನೋಡಿದಳು. ಚಹಾ ಅರ್ಧ ಬಿಟ್ಟು ಎದ್ದಳು.

ಊರು ಸಣ್ಣದು. ಒಳಗಿನ ಸಂದಿಯಲ್ಲಿ ಕೆಸರು. ಮನೆ ಊರ ಬಾಯಿಯಲ್ಲೇ ಇದ್ದುದರಿಂದ ಬೇವಿನ ಮರದ ಕೆಳಗೆ ಟೆಂಪೊ ನಿಲ್ಲಿಸಿದೆ. ಒಬ್ಬ ದೊಡ್ಡ ಗಾಯಕಿಯ ಮನೆಗೆ ಸುಮ್ಮನೆ ಹೋಗುವುದು ಹೇಗೆ? ಆಕೆಯದೇ ಹಾಡನ್ನು ಟೇಪಿನಲ್ಲಿ ಜೋರಾಗಿ ಹಚ್ಚಿದೆ. ಅಂಗಡಿ ಮುಂದೆ ಹೋಗಿ ಅದೇ ಅಂಗಡಿಯ ಮಾಲು ಹೊಗಳಿದರೆ ಮಾತು ಸುಲಭವಾಗುತ್ತದೆ, ಇದು ಯಾವ ವ್ಯಾಪಾರಕ್ಕೂ ಒಳ್ಳೆಯದು.

ಮುಳ್ಳಿನ ಬೇಲಿಯ ಒಳಗಿಂದ ಒಬ್ಬ ಎತ್ತರದ ಹೆಂಗಸು ಬಂದಳು. ಐವತ್ತೈದರ ಮೇಲಿನ ವಯಸ್ಸು, ಕಂಕುಳಲ್ಲಿ ಒಂದು ಕುರಿಮರಿ.

"ಯಾರ್ರಿ? ಮರಿ ನೋಡಾಕ ಬಂದೀರೇನು?"

ನನ್ನ ಹೆಂಡತಿ ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದ ಮಾತೆಲ್ಲ ಮರೆತು ಡಬ್ಬಿ ಅವುಚಿಕೊಂಡು ನಿಂತಳು. ನಾನೇ ಹೇಳಿದೆ, "ಅಕ್ಕೋರ, ನಾವು ಹುಮನಾಬಾದಿನವರು. ನಿಮ್ಮ ಹಾಡಿನ ಸಲುವಾಗಿ ಬಂದೇವ್ರಿ."

ಆಕೆ ಟೆಂಪೊ ಕಡೆ ಕಿವಿಗೊಟ್ಟಳು. ಮರಿಯನ್ನು ಇನ್ನೊಂದು ಕಂಕುಳಿಗೆ ಬದಲಿಸಿದಳು.

"ಪದ ನನ್ನದ. ಈಕಿ ಯಾರು? ಹಿಂದ ನಾಯಿ ಬೆನ್ನ ಹತ್ತಿದಂಗ ಓಡಾಕತ್ತಾಳಲ್ಲ."

"ಅದು ನೀವ ಅಲ್ರಿ ಅಕ್ಕೋರ."

"ನಾನಾ? ನಾ ಹದಿನೈದು ವರ್ಷದಾಕಿ ಇದ್ದಾಗೂ ಹಿಂಗ ಚೀರಿಲ್ಲ."

ನಾನು ನಗಲು ನೋಡಿದೆ. ಆಕೆ ತಮಾಷೆ ಮಾಡುತ್ತಿರಲಿಲ್ಲ. ಟೆಂಪೊ ಬಾಗಿಲಿನ ಹತ್ತಿರ ಬಂದು ತಲೆ ಒಳಗೆ ಹಾಕಿ, ಹುಬ್ಬು ಗಂಟಿಕ್ಕಿ ಕೇಳಿದಳು. "ತಡೀರಿ. ಈ ಪದದ ಕೊನೀಗಿ ಢೋಲಕ ಬಡಿಯೋ ನಮ್ಮಣ್ಣ ಒಂದು ಪೆಟ್ಟು ತಪ್ಪ್ಯಾನ. ಆ ದಿನ ಅವಗ ಜ್ವರ. ನಾನಾದ್ರ ಅದು ಬರಬೇಕು." ಮೂವರೂ ಕಾದೆವು. ಕೊನೆಯ ಸಾಲಿನಲ್ಲಿ ಢೋಲಕ್ಕಿನ ಒಂದು ಪೆಟ್ಟು ಬಿದ್ದುಹೋಯಿತು. ಇಷ್ಟು ವರ್ಷ ಕೇಳಿದ ಹಾಡು, ನಾವಿಬ್ಬರೂ ಅದನ್ನು ಗಮನಿಸಿರಲೇ ಇಲ್ಲ.

"ಹೌದಪ್ಪ, ನಾನ," ಎಂದಳು ಆಕೆ. "ನನಗ ಏನು ಮಾಡೀರಿ?"

ಮರಿಯನ್ನು ಕೆಳಗೆ ಬಿಟ್ಟು ಒಳಗೆ ಹೋದಳು. ಒಂದು ಕ್ಯಾಸೆಟ್ಟು ತಂದು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು. "ಇದು ಹಚ್ಚ್ರಿ."

ಹಚ್ಚಿದೆ. ಅದೇ ಟೇಪು, ಅದೇ ಹಾಡು. ಆದರೆ ಬಂದ ದನಿ ಬೇರೆ. ಕೆಳಗಿನದು, ಅಗಲವಾದದ್ದು, ಯಾವ ಅವಸರವೂ ಇಲ್ಲದ್ದು. ಹೊಲದಿಂದ ಮನೆಗೆ ಬರುವ ಹೆಂಗಸು ತಲೆಯ ಮೇಲಿನ ಹೊರೆ ಅಲುಗದಂತೆ ನಡೆಯುವ ಹಾಗೆ ಒಂದೊಂದೇ ಸಾಲು ಬರುತ್ತಿತ್ತು. ನಮ್ಮ ಕ್ಯಾಸೆಟ್ಟಿನಲ್ಲಿ ನುಂಗಿಹೋಗಿದ್ದ ಮಾತುಗಳು ಇದರಲ್ಲಿ ಪೂರಾ ಕೇಳುತ್ತಿದ್ದವು.

ನನ್ನ ಹೆಂಡತಿ ಟೆಂಪೊದ ಮೆಟ್ಟಿಲ ಮೇಲೆ ಕೂತಳು. ಆಕೆಯ ತುಟಿ ಅಲುಗತೊಡಗಿದ್ದನ್ನು ನಾನು ನೋಡಿದೆ. ಗಾಯಕಿಯೂ ನೋಡಿದಳು.

"ತಂಗಿ, ನೀ ಹಾಡ್ತೀಯೇನು?"

"ಹಾಡ್ತಿದ್ದೆ ರಿ. ಈಗ ದನಿ ಹೋಗ್ಯಾದ."

"ಯಾವ ಸ್ವರದಾಗ ಹಾಡ್ತೀರಿ?"

"ಕರಿ ಐದ್ರಿ."

"ನಾ ಮೊದಲಿಂದ ಇವತ್ತಿನ ತನಕ ಕರಿ ನಾಕು. ಐದಕ್ಕ ನಾನೂ ಮುಟ್ಟಂಗಿಲ್ಲ. ನಕಲು ಮಾಡುವಾಗ ಮಷೀನ್ ಜಲ್ದಿ ಓಡಿಸ್ಯಾರ, ದನಿ ಮ್ಯಾಲ ಏರ್ಯಾದ. ನಿಮಗ ಯಾರು ಬೇ ಈ ಶಿಕ್ಷಾ ಕೊಟ್ರು?"

ನಾನು ಟೆಂಪೊದ ಗಾಲಿಯಲ್ಲಿ ಗಾಳಿ ಸರಿಯಾಗಿದೆಯೇ ಎಂದು ನೋಡುತ್ತಿದ್ದೆ.

ಗಾಯಕಿ ಟೇಪು ಬಂದ್ ಮಾಡಿಸಿ, ನೆಲಕ್ಕೆ ಕೂತು, ತಾನೇ ಮೊದಲ ಸಾಲು ಎತ್ತಿದಳು. ಹಾರ್ಮೋನಿಯಂ ಇಲ್ಲ, ಏನೂ ಇಲ್ಲ. ಹಿಂದೆ ಮರಿಗಳು ಅರಚುತ್ತಿದ್ದವು. ಎರಡನೆಯ ಸಾಲಿಗೆ ನನ್ನ ಹೆಂಡತಿ ಸೇರಿಕೊಂಡಳು, ಮೊದಲು ಮೆಲ್ಲಗೆ. ಆ ಒಡೆಯುವ ಜಾಗ ಬರುತ್ತಿದ್ದ ಹಾಗೆ ಆಕೆಯ ಕೈ ಡಬ್ಬಿಯನ್ನು ಬಿಗಿಯಾಗಿ ಹಿಡಿದದ್ದು ಕಂಡಿತು. ದನಿ ಮೇಲೆ ಹೋಯಿತು, ಅಲ್ಲಿ ನಿಂತಿತು, ತನಗೆ ಬೇಕಾದಷ್ಟು ಹೊತ್ತು ನಿಂತು ಇಳಿಯಿತು. ಹಾಡು ಮುಗಿದ ಮೇಲೆ ಆಕೆ ಯಾರ ಕಡೆಯೂ ನೋಡದೆ ಡಬ್ಬಿಯ ಮುಚ್ಚಳ ತೆರೆದು, ಒಂದು ಹೋಳಿಗೆ ತೆಗೆದು ಗಾಯಕಿಯ ಕೈಗೆ ಕೊಟ್ಟಳು. ಕಾಲಿಗೆ ಬೀಳುವುದು ಮರೆತೇ ಹೋಗಿತ್ತು.

ನಾನು ಬಂದ ಕೆಲಸ ಬಿಡಬಾರದೆಂದು ಕೇಳಿದೆ, "ಅಕ್ಕೋರ, ಗಂಟ್ಲಿಗಿ ನೀವು ಏನು ತಗೋತೀರಿ?"

"ರೊಟ್ಟಿ ತಿಂತೇನ್ರಿ," ಎಂದಳು.

ಆ ಅಸಲಿ ಕ್ಯಾಸೆಟ್ಟು ನಮಗೆ ಬೇಕಿತ್ತು. ಅದಿಲ್ಲದೆ ಹಿರಿಯಕ್ಕನನ್ನು ಒಪ್ಪಿಸುವುದು ಆಗದ ಮಾತು. ಹೇಗೆ ಕೇಳಲಿ ಎಂದು, ಮೊದಲು ಹೊಗಳಿಕೆಯಿಂದ ಶುರುಮಾಡಿದೆ. ಹುಮನಾಬಾದಿನಲ್ಲಿ ನಿಮ್ಮ ಹಾಡು ಮನೆಮನೆಯಲ್ಲಿದೆ ಎಂದೆ. ಆಕೆ ನನ್ನನ್ನು ಒಳಗೆ ಕರೆದು ಒಂದು ಟ್ರಂಕು ತೆರೆದು ತೋರಿಸಿದಳು. ಅದರ ಅರ್ಧದವರೆಗೆ ಕ್ಯಾಸೆಟ್ಟುಗಳು, ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ.

"ಮನಿಮನಿಗೆ ಅದ ಅಂತೀರಿ. ಹಂಗಾರ ಇವು ಇಲ್ಲ್ಯಾಕ ಕುಂತಾವ ಅಣ್ಣೋರ?"

ನನಗೆ ಉತ್ತರ ಗೊತ್ತಿತ್ತು. ಮನೆಮನೆಯಲ್ಲಿದ್ದದ್ದು ನಮ್ಮ ನಕಲುಗಳು. ಆಕೆಯೇ ಮಾತು ಬದಲಿಸಿದಳು. ಟೆಂಪೊದಲ್ಲಿದ್ದ ಚೀಲಗಳ ಮೇಲೆ ಆಕೆಯ ಕಣ್ಣಿತ್ತು. ಮಳೆಗಾಲದಲ್ಲಿ ಮರಿಗಳ ಕೆಳಗೆ ಹಾಸಲು ಗೋಣಿ ಸಾಲುತ್ತಿರಲಿಲ್ಲ. ಹತ್ತು ಚೀಲ ಕೊಟ್ಟರೆ ಎರಡೂ ಕ್ಯಾಸೆಟ್ಟು ಒಯ್ಯಿರಿ ಎಂದಳು. ಏಳು ಎಂದೆ, ಬಾಯಿಯ ಚಟ. ಆಕೆ ಹನ್ನೆರಡು ಎಂದಳು. ಚಹಾದವನು ಹೇಳಿದ್ದು ಸುಳ್ಳಲ್ಲ. ಹನ್ನೆರಡಕ್ಕೆ ಒಪ್ಪಿ ಹರಕು ಚೀಲಗಳನ್ನು ಎಳೆಯತೊಡಗಿದಾಗ ನನ್ನ ಹೆಂಡತಿ ಬಂದು, ನಾನು ಬೇರೆ ಇಟ್ಟಿದ್ದ ಗಟ್ಟಿ ಚೀಲಗಳ ಕಟ್ಟನ್ನೇ ಬಿಚ್ಚಿ ಕೊಟ್ಟಳು. ಟ್ರಂಕಿನಲ್ಲಿ ಉಳಿದ ಕ್ಯಾಸೆಟ್ಟುಗಳನ್ನೂ ನಾನೇ ಮಾರಿಕೊಡುತ್ತೇನೆ ಎಂದು ಹೊತ್ತು ತಂದೆ. ಅದು ಉಪಕಾರವಲ್ಲ. ನಾನು ಹಾಳು ಮಾಡಿದ ಪೇಟೆಯನ್ನು ನಾನೇ ಸರಿ ಮಾಡಬೇಕಿತ್ತು.

ಹೊರಡುವಾಗ ಗಾಯಕಿ ನನ್ನ ಹೆಂಡತಿ ಕೊಟ್ಟ ಖಣವನ್ನು ಕೈಯಲ್ಲಿ ಹಿಡಿದು ತಿರುತಿರುಗಿ ನೋಡಿ, "ತಂಗಿ, ಮತ್ತ ಬಾ. ಬರುವಾಗ ದನಿ ಹೋಗ್ಯಾದ ಅಂತ ಅಳ್ಕೋತ ಬರಬ್ಯಾಡ," ಎಂದಳು.

ವಾಪಸು ದಾರಿಯಲ್ಲಿ ನನ್ನ ಹೆಂಡತಿಯ ಬಾಯಿ ನಿಲ್ಲಲಿಲ್ಲ. ಹಾಡುವುದು, ನಡುವೆ ನಿಲ್ಲಿಸಿ ಮಾತಾಡುವುದು, ಮತ್ತೆ ಹಾಡುವುದು. ಬಸವಕಲ್ಯಾಣ ದಾಟಿದ ಮೇಲೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. "ಆ ಕ್ಯಾಸೆಟ್ಟಿನವನಿಗೆ ಸೋಮವಾರ ಗುಡಿ ಮುಂದ ನಿಲ್ಲಿಸಿ ಕೇಳ್ತೇನಿ. ಅವನ ಮಷೀನ್ ಸಲುವಾಗಿ ನಾ ಮೂರು ವರ್ಷ ನನ್ನ ಗಂಟ್ಲಕ್ಕ ಬೈಕೊಂಡೀನಿ."

ಸುಮ್ಮನಿದ್ದರೆ ಆಗುತ್ತಿತ್ತು. ಅಂಗಡಿಯವನು ಆ ದಿನದ ಮಾತನ್ನು ಮರೆತಿರುತ್ತಾನೆ, ಮಷೀನಿನ ತಪ್ಪು ಎಂದು ಎಲ್ಲರೂ ನಂಬುತ್ತಾರೆ. ಮಾಲಿನ ಕುಂದನ್ನು ಗಿರಾಕಿಗೆ ತೋರಿಸದೆ ದಾಟಿಸುವುದು ನನಗೆ ಹೊಸದಲ್ಲ. ಆದರೆ ಪಕ್ಕದಲ್ಲಿ ಕೂತವಳು ಗಿರಾಕಿಯಲ್ಲ. ಗಾಡಿಯನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಎಂಜಿನ್ ಆರಿಸಿ, ಜೋಳದ ಚೀಲ ಕುಕ್ಕುವ ಮಾತಿನಿಂದ ಸ್ಕ್ರೂಡ್ರೈವರ್ ತನಕ ಎಲ್ಲ ಹೇಳಿದೆ.

ಆಕೆ ತೊಡೆಯ ಮೇಲಿನ ಡಬ್ಬಿಯನ್ನು ಕೆಳಗಿಟ್ಟಳು.

"ಎಷ್ಟು ಹಾಡು ಬಿಟ್ಟಿದ್ರ ಹಿಡೀತಿತ್ತಂತ?"

"ಎರಡು."

"ಯಾವ ಎರಡು?"

ಅದನ್ನು ನಾನು ಅಂಗಡಿಯವನಿಗೆ ಕೇಳಿಯೇ ಇರಲಿಲ್ಲ. ಹಾಗೆಂದು ಹೇಳಿದೆ. ಆಕೆ ನನ್ನ ಕಡೆ ತಿರುಗಿದಳು. ಸಿಟ್ಟು ಇತ್ತು, ಆದರೆ ಅದಕ್ಕಿಂತ ಹೆಚ್ಚಾಗಿ, ಇಂಥವನ ಜೊತೆ ಇಷ್ಟು ವರ್ಷ ಹೇಗೆ ಸಂಸಾರ ಮಾಡಿದೆನಪ್ಪಾ ಎಂಬ ಆಶ್ಚರ್ಯ ಇತ್ತು.

"ಸೋಮವಾರ ಪಡಸಾಲ್ಯಾಗ ಎಲ್ಲಾರ ಮುಂದ ನೀವ ಹೇಳಬೇಕು."

"ಹಿರಿಯಕ್ಕಗ ಒಬ್ಬಾಕಿಗೇ ಹೇಳ್ತೇನಿ. ಎಲ್ಲಾರಿಗೂ ಯಾಕ?"

"ಇದು ಏಕ್ ದಾಮ್," ಎಂದಳು. ಒಂದೇ ಬೆಲೆ. ಹೇಳಿದವಳು ಚೌಕಾಸಿ ಬಾರದವಳು. ನಾನು ಎಂಜಿನ್ ಶುರುಮಾಡಿದೆ.

ಶ್ರಾವಣದ ಮೊದಲ ಸೋಮವಾರ ಸಂಜೆ, ಎಂದೂ ಒಳಗೆ ಹೋಗದ ಪಡಸಾಲೆಗೆ ಹೋಗಿ ಇಪ್ಪತ್ತೈದು ಹೆಂಗಸರ ಮುಂದೆ ನಿಂತೆ. ಮಾರುಕಟ್ಟೆಯಲ್ಲಿ ಹರಾಜಿನ ಸವಾಲು ಕೂಗುವವನು ಅಲ್ಲಿ ಜೋಳದ ಚೀಲ ಕುಕ್ಕುವ ಮಾತಿನಿಂದಲೇ ಶುರುಮಾಡಿದೆ. ಹೇಳಿ ಮುಗಿಸುವಷ್ಟರಲ್ಲಿ ಯಾರೋ, "ಅಣ್ಣೋರ, ಚೀಲ ಕುಕ್ಕಿದಂಗ ನಮ್ಮನ್ನ ಕುಕ್ಕೀರಿ ನೋಡ್ರಿ," ಎಂದರು. ಉಳಿದವರು ನಕ್ಕರು. ನಗು ಬಂದಮೇಲೆ ಬದುಕಿದೆ ಅಂದುಕೊಂಡೆ. ಹಿರಿಯಕ್ಕ ನಗಲಿಲ್ಲ. ನಮ್ಮ ನಕಲನ್ನೂ ಅಸಲಿ ಕ್ಯಾಸೆಟ್ಟನ್ನೂ ಒಂದಾದ ಮೇಲೊಂದು ಹಚ್ಚಿಸಿ ಕೇಳಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ನನ್ನ ಹೆಂಡತಿಗೆ, "ತಪ್ಪು ನಂದೂ ಅದ. ಕ್ಯಾಸೆಟ್ ಕೇಳಿದೆ, ಮುಂದ ಕುಂತವರ ಮುಖ ನೋಡಲಿಲ್ಲ," ಎಂದರು. ಅವರ ಬಾಯಲ್ಲಿ ತಪ್ಪು ಎಂಬ ಮಾತನ್ನು ಅಲ್ಲಿದ್ದ ಯಾರೂ ಅದುವರೆಗೆ ಕೇಳಿರಲಿಲ್ಲವಂತೆ.

ಅವರ ಬೆರಳು ಒಂದು ಕಪ್ಪು ಮನೆ ಕೆಳಗೆ ಇಳಿಯಿತು. ಹೆಂಡತಿಯ ಬದಲು ಮುಮ್ಮೇಳಕ್ಕೆಂದು ಗೊತ್ತುಮಾಡಿದ್ದ ಓಣಿಯ ಎಳೆಯ ಸೊಸೆಯೊಬ್ಬಳು ತಾನೇ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು. ನನ್ನ ಹೆಂಡತಿ ಆಕೆಯ ಕೈ ಹಿಡಿದು ಅಲ್ಲೇ ಕೂಡಿಸಿಕೊಂಡಳು. ಇಬ್ಬರೂ ಸೇರಿ ಎತ್ತಿದರು.

ನಾನು ಕಟ್ಟೆಯ ಮೇಲೆ ಹೋಗಿ ಕೂರಬೇಕು ಎಂದುಕೊಂಡವನು ಬಾಗಿಲಲ್ಲೇ ನಿಂತೆ. ಹೆಂಡತಿಯ ದನಿಗೆ ಕಾಯುತ್ತಿದ್ದೆ. ಅದು ಬಂತು, ಬೇವಿನ ಮರದ ಕೆಳಗೆ ಬಂದಂತೆಯೇ ಬಂತು. ಆದರೆ ಅದರ ಹಿಂದಿನಿಂದ ನಾನು ಲೆಕ್ಕಕ್ಕೆ ಹಿಡಿಯದಿದ್ದ ಇನ್ನೇನೋ ಬಂತು. ಗೋಡೆಗೆ ಒರಗಿ ಕೂರುತ್ತಿದ್ದ ಮೂವರು ಮುದುಕಿಯರು ವರ್ಷಗಳಿಂದ ಬರೀ ಚಪ್ಪಾಳೆ ತಟ್ಟುತ್ತಿದ್ದರು. ಅವರಿಗೆ ಹಾಡು ಬರುವುದಿಲ್ಲ ಎಂದೇ ನಾವೆಲ್ಲ ತಿಳಿದಿದ್ದೆವು. ಈಗ ಆ ಮೂವರೂ ಹಾಡುತ್ತಿದ್ದರು. ಒಬ್ಬಾಕೆಗೆ ಹಲ್ಲಿಲ್ಲ, ಮಾತು ಸರಿಯಾಗಿ ಹೊರಳುತ್ತಿರಲಿಲ್ಲ, ಆದರೆ ಒಂದು ಸಾಲೂ ಮರೆತಿರಲಿಲ್ಲ. ಹಿಂದೆ ಕೂತು, ಬಾಯಿ ಮುಚ್ಚಿಕೊಂಡೇ, ಹದಿನಾರು ಹಾಡನ್ನೂ ಕಲಿತಿದ್ದರು.

ಹಾಡು ಮುಗಿಯಿತು. ಹಿರಿಯಕ್ಕ ಮುಂದಿನ ಹಾಡಿಗೆ ಪುಸ್ತಕದ ಹಾಳೆ ತಿರುವಿದರು. ಹಲ್ಲಿಲ್ಲದ ಆ ಮುದುಕಿ ಗೋಡೆಯಿಂದ ಬೆನ್ನು ತೆಗೆದು ಮುಂದಕ್ಕೆ ಬಗ್ಗಿದಳು.

"ತಡಿ ಬೇ. ಇದನ್ನ ಇನ್ನೊಂದ್ಸಲ ಹಾಡ್ರಿ. ನನಗ ಈಗ ಗಂಟ್ಲ ಬಿಸಿ ಆಗ್ಯಾದ."